ಡ್ರೀಮ್‌ಕಾಸ್ಟ್ ಸೋಲಿನ ಬೇರು 1995ರಲ್ಲಿದೆಯೇ?

ಮೆಗಾಡ್ರೈವ್_ಅಭಿಮಾನಿ:

ಡ್ರೀಮ್‌ಕಾಸ್ಟ್ ಎಂಬ ತನ್ನ ಕನ್ಸೋಲಿನ, ಅಂದರೆ ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಯಂತ್ರದ, ತಯಾರಿಕೆಯನ್ನು ಮಾರ್ಚ್ ಕೊನೆಗೆ ನಿಲ್ಲಿಸಿ, ಇನ್ನು ಮುಂದೆ ಇತರ ಕಂಪನಿಗಳ ಕನ್ಸೋಲ್‌ಗಳಿಗೆ ಗೇಮ್ ತಯಾರಿಸುವುದಾಗಿ ಸೆಗಾ ಕಂಪನಿಯು 2001ರ ಜನವರಿ 31ರಂದು ಪ್ರಕಟಿಸಿತು. ಈ ಮಾತು ಬಂದಾಗಲೆಲ್ಲ, ಸೋನಿಯ ಪ್ಲೇಸ್ಟೇಷನ್ 2ರ ಎದುರು ಅದು ನಿಲ್ಲಲಾರದೆ ಹೋಯಿತು ಎಂಬ ಒಂದೇ ಉತ್ತರ ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಡ್ರೀಮ್‌ಕಾಸ್ಟ್ 1999ರ ಸೆಪ್ಟೆಂಬರ್ 9ರಂದು 199 ಡಾಲರಿಗೆ ಮಾರುಕಟ್ಟೆಗೆ ಬಂತು. ಇಂಟರ್‌ನೆಟ್ ಸಂಪರ್ಕಕ್ಕೆ ಬೇಕಾದ ಮೋಡೆಮ್ ಅದರೊಂದಿಗೇ ಬರುತ್ತಿತ್ತು. ಸೋಲ್‌ಕ್ಯಾಲಿಬರ್‌ನಂತಹ ಗೇಮ್ ಮೊದಲ ದಿನವೇ ಸಿಗುತ್ತಿತ್ತು. ಪ್ಲೇಸ್ಟೇಷನ್ 2 ಅಲ್ಲಿಗೆ ಬಂದದ್ದು 2000ದ ಅಕ್ಟೋಬರಿನಲ್ಲಿ, ಅದೂ 299 ಡಾಲರಿಗೆ. ಇಷ್ಟೆಲ್ಲ ಅನುಕೂಲವಿದ್ದ ಕನ್ಸೋಲನ್ನು ಕೊಳ್ಳದೆ ಅಷ್ಟೊಂದು ಜನ ಕಾದು ಕುಳಿತರೆಂದರೆ, ಅದನ್ನು ಮಾರುತ್ತಿದ್ದವರ ಮೇಲೆ ಅವರಿಗೆ ನಂಬಿಕೆ ಉಳಿದಿರಲಿಲ್ಲವೆಂದೇ ನಾನು ತಿಳಿಯುತ್ತೇನೆ.

ಆ ನಂಬಿಕೆ ಮುರಿದದ್ದು 1995ರ ಮೇ 11ರಂದು ಎಂಬುದು ನನ್ನ ವಾದ. ಡ್ರೀಮ್‌ಕಾಸ್ಟ್‌ಗಿಂತ ಹಿಂದಿನ ತನ್ನ ಕನ್ಸೋಲಾದ ಸ್ಯಾಟರ್ನ್ ಅಮೆರಿಕಕ್ಕೆ ಸೆಪ್ಟೆಂಬರ್ 2ರಂದು ಬರುತ್ತದೆ ಎಂದು ಅದುವರೆಗೆ ಹೇಳುತ್ತ ಬಂದಿದ್ದ ಸೆಗಾ, ಲಾಸ್ ಏಂಜಲೀಸಿನ ಮೊದಲ ಇ3 ವಿಡಿಯೊ ಗೇಮ್ ಮೇಳದಲ್ಲಿ, ಅದು ಆಗಲೇ ಅಂಗಡಿಗಳಿಗೆ ಬಂದಿದೆ, ಬೆಲೆ 399 ಡಾಲರ್ ಎಂದು ಘೋಷಿಸಿಬಿಟ್ಟಿತು. ಅದೇ ಮೇಳದಲ್ಲಿ ಸೋನಿಯ ಸ್ಟೀವ್ ರೇಸ್ ವೇದಿಕೆ ಹತ್ತಿ ತಮ್ಮ ಮೊದಲ ಪ್ಲೇಸ್ಟೇಷನ್‌ನ ಡಾಲರ್ ಬೆಲೆಯಾದ 299 ಎಂಬ ಒಂದೇ ಅಂಕಿಯನ್ನು ಹೇಳಿ ಇಳಿದರು. ಈ ಅವಸರ ಇಲ್ಲದಿದ್ದರೆ ಡ್ರೀಮ್‌ಕಾಸ್ಟ್ ಉಳಿಯುತ್ತಿತ್ತೇ? ಆ ಕಾಲದ ವಿದ್ಯಮಾನಗಳನ್ನು ಬಲ್ಲವರು ದಯವಿಟ್ಟು ಬರೆಯಿರಿ.

ಅಂಗಡಿಬೀದಿ:

ನಿಮ್ಮ ವಾದವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅಂದು ಗ್ರಾಹಕರಿಗಿಂತ ಹೆಚ್ಚು ನೊಂದವರು ಮಾರಾಟಗಾರರು ಮತ್ತು ಗೇಮ್ ತಯಾರಕರು ಎಂಬುದನ್ನು ಸೇರಿಸಬೇಕು. ಮೊದಲ ಸರಕು ಟಾಯ್ಸ್ ಆರ್ ಅಸ್ ಸೇರಿದಂತೆ ಕೆಲವೇ ಮಳಿಗೆಗಳಿಗೆ ಹೋಯಿತು. ವಾಲ್‌ಮಾರ್ಟ್, ಬೆಸ್ಟ್ ಬೈಗಳಂತಹ ದೊಡ್ಡ ಮಳಿಗೆಗಳು ಹೊರಗುಳಿದವು. ಕೆಬಿ ಟಾಯ್ಸ್ ಅಂತೂ ಸಿಟ್ಟಿಗೆದ್ದು ಸೆಗಾದ ಸರಕನ್ನೇ ಮಾರದಿರಲು ನಿರ್ಧರಿಸಿತು. ಹೊರಗಿನ ಗೇಮ್ ಕಂಪನಿಗಳೆಲ್ಲ ಸೆಪ್ಟೆಂಬರನ್ನು ನಂಬಿ ಕೆಲಸ ಮಾಡುತ್ತಿದ್ದುದರಿಂದ, ಮೇ ತಿಂಗಳಿನಲ್ಲಿ 399 ಡಾಲರ್ ಕೊಟ್ಟು ಸ್ಯಾಟರ್ನ್ ಒಯ್ದವರಿಗೆ ಆಡಲು ಬೆರಳೆಣಿಕೆಯ ಗೇಮ್‌ಗಳಷ್ಟೇ ಇದ್ದವು. ಸೆಗಾದ ಅಮೆರಿಕ ಶಾಖೆಯ ಮುಖ್ಯಸ್ಥರಾಗಿದ್ದ ಟಾಮ್ ಕಾಲಿನ್ಸ್ಕಿ, ಇದು ಜಪಾನಿನ ಪ್ರಧಾನ ಕಚೇರಿಯ ಒತ್ತಾಯವಾಗಿತ್ತು, ತಮಗೆ ಇಷ್ಟವಿರಲಿಲ್ಲ ಎಂದು ಮುಂದೆ ಹೇಳಿದ್ದಾರೆ. ಸ್ಯಾಟರ್ನ್‌ಗಿಂತ ಹಿಂದಿನ ಸೆಗಾ ಕನ್ಸೋಲಾದ ಮೆಗಾ ಡ್ರೈವ್‌ನ ಬೆಲೆ ಇಳಿಸಿ, ಅದರೊಂದಿಗೆ ಸೋನಿಕ್ ಗೇಮನ್ನು ಸೇರಿಸಿ ಕೊಟ್ಟು ಅಮೆರಿಕದಲ್ಲಿ ಎದುರಾಳಿ ಕಂಪನಿ ನಿಂಟೆಂಡೊಗೆ ಸರಿಸಾಟಿಯಾಗಿ ನಿಲ್ಲಿಸಿದ ವ್ಯಕ್ತಿಯ ಮಾತಿಗೇ ಬೆಲೆ ಸಿಗದೆ ಹೋದದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಸುರುಳಿವೈರು:

ಬೇರನ್ನು ಹುಡುಕುವುದಾದರೆ 1995ಕ್ಕೆ ನಿಲ್ಲದೆ ಅದರ ಹಿಂದಿನ ನವೆಂಬರಿಗೆ ಹೋಗಬೇಕು. ಮೆಗಾ ಡ್ರೈವ್‌ನ ಮೇಲೆ ಕೂರಿಸುವ 32ಎಕ್ಸ್ ಎಂಬ ಜೋಡಣೆಯನ್ನು ಸೆಗಾ 1994ರ ನವೆಂಬರಿನಲ್ಲಿ ಅಮೆರಿಕದಲ್ಲಿ 159 ಡಾಲರಿಗೆ ಮಾರಾಟಕ್ಕಿಟ್ಟಿತು. ಅದೇ ತಿಂಗಳ 22ರಂದು ಜಪಾನಿನಲ್ಲಿ ಸ್ಯಾಟರ್ನ್ ಬಿಡುಗಡೆಯಾಯಿತು. ಆರು ತಿಂಗಳೊಳಗೆ ಸ್ಯಾಟರ್ನ್ ಅಮೆರಿಕಕ್ಕೂ ಬಂದಾಗ, 32ಎಕ್ಸ್ ಕೊಂಡವರ ಹಣ ನೀರುಪಾಲಾಯಿತು. ಅದಕ್ಕೆ ಒಟ್ಟು ಬಂದದ್ದು ಸುಮಾರು 40 ಗೇಮ್‌ಗಳು ಮಾತ್ರ. ಇದಕ್ಕೂ ಮೊದಲು ಮೆಗಾ ಡ್ರೈವ್‌ಗೇ ಜೋಡಿಸುವ ಮೆಗಾ ಸಿಡಿ ಎಂಬ ಸಿಡಿ ಡ್ರೈವ್‌ಗೆ ದುಡ್ಡು ಸುರಿದಿದ್ದವರೂ ಇವರಲ್ಲಿದ್ದರು. ಹೀಗೆ ಮೇಲಿಂದ ಮೇಲೆ ಪೆಟ್ಟು ತಿಂದವರು ಡ್ರೀಮ್‌ಕಾಸ್ಟ್ ಎಷ್ಟೇ ಚೆನ್ನಾಗಿದ್ದರೂ ಕೈಚೀಲ ಬಿಚ್ಚಲು ಹಿಂಜರಿದದ್ದು ಸಹಜವೇ ಆಗಿತ್ತು.

ಎರಡನೇಆಟಗಾರ:

ಮೇಲಿನ ಮೂವರೂ ಅಮೆರಿಕವನ್ನಷ್ಟೇ ನೋಡುತ್ತಿದ್ದೀರಿ ಎಂದು ವಿನಯದಿಂದ ಹೇಳಬಯಸುತ್ತೇನೆ. ಜಪಾನಿನಲ್ಲಿ ಸ್ಯಾಟರ್ನ್ ಸೋಲಲಿಲ್ಲ. ವರ್ಚುವಾ ಫೈಟರ್ 2 ಎಂಬ ಗೇಮ್‌ನ ಬಲದಿಂದ ಚೆನ್ನಾಗಿಯೇ ಮಾರಾಟವಾಗಿ, ಅಲ್ಲಿ ನಿಂಟೆಂಡೊದ ಕನ್ಸೋಲಾದ ನಿಂಟೆಂಡೊ 64ಕ್ಕಿಂತ ಮುಂದಿತ್ತು. ಸೆಗಾದ ಮೇಲೆ ಮುನಿಸಿಕೊಳ್ಳಲು ಅಲ್ಲಿನವರಿಗೆ ಕಾರಣವೇ ಇರಲಿಲ್ಲ. ಹಾಗಿದ್ದೂ 1998ರ ನವೆಂಬರ್ 27ರಂದು ಬಂದ ಡ್ರೀಮ್‌ಕಾಸ್ಟ್ ಅಲ್ಲಿಯೂ ನಿಲ್ಲಲಿಲ್ಲವಲ್ಲ, ಅದಕ್ಕೆ ನಂಬಿಕೆಯ ವಾದ ಏನು ಉತ್ತರ ಕೊಡುತ್ತದೆ? ಎನ್‌ಇಸಿ ಕಂಪನಿ ಒದಗಿಸಬೇಕಿದ್ದ ಗ್ರಾಫಿಕ್ಸ್ ಚಿಪ್‌ಗಳು ಸಾಲದೆ, ಬಿಡುಗಡೆಯ ಹೊತ್ತಿಗೆ ಕೊಳ್ಳಲು ಬಂದವರಿಗೆಲ್ಲ ಕೊಡುವಷ್ಟು ಕನ್ಸೋಲ್‌ಗಳೇ ಇರಲಿಲ್ಲ. 2000ದ ಮಾರ್ಚ್ 4ರಂದು ಪ್ಲೇಸ್ಟೇಷನ್ 2 ಬಂದಾಗ, ಗೇಮ್ ಆಡಬಹುದಾದ ಅದೇ ಪೆಟ್ಟಿಗೆಯಲ್ಲಿ ಡಿವಿಡಿ ಸಿನಿಮಾ ಸಹ ನೋಡಬಹುದಿತ್ತು. ಸೆಗಾ ಮಾತ್ರ ಸುಮಾರು ಒಂದು ಗಿಗಾಬೈಟ್ ಹಿಡಿಸುವ ತನ್ನದೇ ಜಿಡಿ-ರಾಮ್ ಡಿಸ್ಕನ್ನು ಆರಿಸಿಕೊಂಡಿತ್ತು. ಇದರ ಮೇಲೆ, ದೊಡ್ಡ ಗೇಮ್ ಕಂಪನಿಯಾದ ಎಲೆಕ್ಟ್ರಾನಿಕ್ ಆರ್ಟ್ಸ್ ಡ್ರೀಮ್‌ಕಾಸ್ಟ್‌ಗೆ ಒಂದೇ ಒಂದು ಗೇಮನ್ನೂ ಕೊಡಲಿಲ್ಲ. ಕ್ರೀಡೆಯ ಗೇಮ್‌ಗಳಲ್ಲಿ ಅದು ಏಕಸ್ವಾಮ್ಯ ಕೇಳಿತು, ಕ್ರೀಡೆಯ ಗೇಮ್ ತಯಾರಿಸುವ ವಿಷುವಲ್ ಕಾನ್ಸೆಪ್ಟ್ಸ್ ಸ್ಟುಡಿಯೊವನ್ನು ಆಗಷ್ಟೇ ಕೊಂಡಿದ್ದ ಸೆಗಾ ಒಪ್ಪಲಿಲ್ಲ ಎಂದು ಆಗಿನ ಅಮೆರಿಕ ಶಾಖೆಯ ಬರ್ನಿ ಸ್ಟೋಲರ್ ಹೇಳಿದ್ದಾರೆ.

ಮೆಗಾಡ್ರೈವ್_ಅಭಿಮಾನಿ:

ಎರಡನೇಆಟಗಾರ ಅವರೇ, ಜಪಾನಿನ ಬಗ್ಗೆ ನೀವು ಹೇಳಿದ್ದಕ್ಕೆ ತೂಕವಿದೆ, ಡಿವಿಡಿಯ ಮಾತೂ ನಿಜ. ಆದರೆ ಡಿವಿಡಿಯನ್ನು ಸೇರಿಸಲು, ನಷ್ಟ ಸಹಿಸಿಕೊಂಡು ಇನ್ನೆರಡು ವರ್ಷ ಎದುರಿಗೆ ನಿಲ್ಲಲು ಬೇಕಾಗಿದ್ದದ್ದು ಹಣ, ಮತ್ತು ಆ ಹಣ ಸ್ಯಾಟರ್ನ್‌ನಲ್ಲೇ ಕರಗಿಹೋಗಿತ್ತು. ಎರಡು ಹಿಟಾಚಿ ಎಸ್‌ಎಚ್-2 ಪ್ರೊಸೆಸರ್‌ಗಳ ಜೊತೆಗೆ ಇನ್ನೂ ಹಲವು ಚಿಪ್‌ಗಳಿದ್ದ ಆ ಯಂತ್ರವನ್ನು ತಯಾರಿಸುವ ಖರ್ಚು ಹೆಚ್ಚಾಗಿತ್ತು. ಆದರೂ ಸೋನಿಗೆ ಸರಿಯಾಗಿ ಬೆಲೆಯನ್ನು ಮೊದಲು 299ಕ್ಕೆ, ಮರುವರ್ಷ 199ಕ್ಕೆ ಇಳಿಸಬೇಕಾಯಿತು. 1998ರ ಮಾರ್ಚಿಗೆ ಕೊನೆಗೊಂಡ ಹಣಕಾಸು ವರ್ಷದಲ್ಲಿ ಸೆಗಾ ಸುಮಾರು 3,560 ಕೋಟಿ ಯೆನ್ ನಷ್ಟ ತೋರಿಸಿತು. ಡ್ರೀಮ್‌ಕಾಸ್ಟ್ ಹುಟ್ಟುವುದಕ್ಕೆ ಮೊದಲಿನ ಲೆಕ್ಕ ಇದು. ಕೊನೆಗೆ ಅಧ್ಯಕ್ಷ ಇಸಾವೊ ಒಕಾವಾ ಅವರು ಸುಮಾರು 69.5 ಕೋಟಿ ಡಾಲರ್ ಮೌಲ್ಯದ ತಮ್ಮ ಷೇರುಗಳನ್ನು ಕಂಪನಿಗೆ ಬಿಟ್ಟುಕೊಟ್ಟದ್ದರಿಂದಲೇ ಸೆಗಾ ಗೇಮ್ ಕಂಪನಿಯಾಗಿಯಾದರೂ ಉಳಿಯಿತು.

ನನ್ನನ್ನು ಕಾಡುವ ಇನ್ನೊಂದು ವಿಷಯವಿದೆ. 1997ರ ಜನವರಿಯಲ್ಲಿ ಪ್ರಕಟವಾದ ಆಟಿಕೆ ಕಂಪನಿ ಬಂಡೈ ಜೊತೆಗಿನ ಸೆಗಾದ ವಿಲೀನ ಅದೇ ವರ್ಷ ಮೇ ತಿಂಗಳಿನಲ್ಲಿ ಮುರಿದುಬಿತ್ತು. ಅದು ನಡೆದಿದ್ದರೆ ಆಟಿಕೆ ವ್ಯಾಪಾರದ ಆದಾಯ ಡ್ರೀಮ್‌ಕಾಸ್ಟ್‌ಗೆ ಆಸರೆಯಾಗುತ್ತಿತ್ತೆಂದು ನನಗನ್ನಿಸುತ್ತದೆ. ಅಂಗಡಿಬೀದಿ ಅವರೇ, ನೀವು ಏನು ಹೇಳುತ್ತೀರಿ?