ಪ್ರಧಾನ ಯಾರು, ಪಕ್ಕವಾದ್ಯ ಯಾರು?

(ನಮ್ಮ ಮನೆಯ ವಾಟ್ಸಾಪ್ ಗುಂಪು 'ವಠಾರ'. ಭಾನುವಾರ ಬೆಳಿಗ್ಗೆ. ದೊಡ್ಡಪ್ಪ ಬ್ಯಾಂಕಿನ ಕೆಲಸದ ಜೊತೆಗೇ ನಲವತ್ತು ವರ್ಷ ಮೃದಂಗ ನುಡಿಸಿದವರು. ಅಕ್ಕ ಇರೋದು ಅಮೆರಿಕದ ನಾರ್ತ್ ಕೆರೊಲಿನಾದ ಕೇರಿ (Cary) ಅನ್ನೋ ಊರಲ್ಲಿ.)

ಚಿಕ್ಕಮ್ಮ: ಅಜ್ಜಿ ತಿಥಿ ಗುರುವಾರ ಬಂದಿದೆ. ಅಡುಗೆಯವರಿಗೆ ಇವತ್ತೇ ಹೇಳ್ಬೇಕು. ಎಷ್ಟು ಎಲೆ?

ನಾನು: (ವಿಡಿಯೊ) ದೊಡ್ಡಪ್ಪ, ಇದನ್ನ ಇಯರ್‌ಫೋನ್ ಹಾಕ್ಕೊಂಡು ಕೇಳಿ. ಬ್ರಯಾನ್ ಸಟನ್, ಬಿಲ್ಲಿ ಸ್ಟ್ರಿಂಗ್ಸ್. ಇಬ್ಬರೂ ಬ್ಲೂಗ್ರಾಸ್ ಅನ್ನೋ ಅಮೆರಿಕದ ಹಳ್ಳಿಗಾಡಿನ ಸಂಗೀತದ ಗಿಟಾರಿನವರು. ನ್ಯಾಶ್‌ವಿಲ್‌ನಲ್ಲಿ ಅಮೆರಿಕನ್ ಲೀಜನ್ ಪೋಸ್ಟ್ 82 ಅಂತ ಮಾಜಿ ಸೈನಿಕರ ಕ್ಲಬ್ಬಿದೆ, ಅಲ್ಲಿ 2024ರ ಏಪ್ರಿಲ್‌ನಲ್ಲಿ ನುಡಿಸಿದ್ದು. ಎರಡೇ ಗಿಟಾರು. ಡ್ರಮ್ಸ್ ಇಲ್ಲ, ಬೇಸ್ ಇಲ್ಲ.

ದೊಡ್ಡಪ್ಪ: ಕೇಳಿದೆ. ಎರಡು ಹೊಲಿಗೆ ಮಿಷನ್ ಪಂದ್ಯಕ್ಕೆ ಬಿಟ್ಟ ಹಾಗಿದೆ.

ಚಿಕ್ಕಪ್ಪ: 😂😂

ಅಮ್ಮ: ಸ್ಟ್ರಿಂಗ್ಸ್ ಅಂತಾನೂ ಹೆಸರಿಡ್ತಾರಾ?

ನಾನು: ನಿಜವಾದ ಹೆಸರು ವಿಲಿಯಂ ಅಪೋಸ್ಟಲ್ ಅಮ್ಮ. ಚಿಕ್ಕಂದಿನಲ್ಲಿ ಅವನ ಆಂಟಿ ಕರೆದ ಹೆಸರೇ ನಿಂತುಹೋಯ್ತು. (ಅತ್ತೇನೋ ಚಿಕ್ಕಮ್ಮನೋ ಕೇಳ್ಬೇಡಿ, ಅವರಿಗೆ ಎಲ್ಲಾ ಒಂದೇ.)

ದೊಡ್ಡಪ್ಪ: ಪುಟ್ಟ, ಬೆರಳು ಓಡುತ್ತೆ, ಒಪ್ಪಿದೆ. ಸರಳೆ ವರಸೆ ಮೂರನೇ ಕಾಲದಲ್ಲಿ ಓಡಿಸೋ ಮಕ್ಕಳು ನಮ್ಮ ಬೀದೀಲೂ ಇದಾರೆ. ಸ್ವರ ತೂಗಿ ಬಳುಕಿಸೋ ಗಮಕ ಎಲ್ಲಿ? ಒಂದು ಸ್ವರದ ಮೇಲೆ ನಿಲ್ಲೋ ಪುರಸೊತ್ತೇ ಇಲ್ವಲ್ಲ ಇವರಿಗೆ.

ಚಿಕ್ಕಪ್ಪ: ಸ್ಯಾಕ್ಸೋಫೋನಿಗೂ ಹೀಗೇ ಅಂದಿದ್ರು ಅಣ್ಣ. ಆಮೇಲೆ ಕದ್ರಿ ಗೋಪಾಲನಾಥ್ ಕಛೇರಿಗೆ ನೀನೇ ಮುಂದಿನ ಸಾಲಲ್ಲಿ ಕೂರ್ತಿದ್ದೆ.

ದೊಡ್ಡಪ್ಪ: ಕದ್ರಿಯವರು ಗಮಕ ಬರಲಿ ಅಂತ ವಾದ್ಯವನ್ನೇ ತಿದ್ದಿಕೊಂಡ್ರು ಕಣಯ್ಯ. ಇವರೇನು ತಿದ್ದಿದಾರೆ?

ನಾನು: ತಿದ್ದಿದ್ದು ಕೈಯನ್ನ. ಬ್ಲೂಗ್ರಾಸ್‌ನಲ್ಲಿ ಮೊದಲು ಗಿಟಾರ್‌ದು ಬರೀ ತಾಳದ ಕೆಲಸ. ಬ್ಲೂಗ್ರಾಸ್ ಹುಟ್ಟುಹಾಕಿದ ಬಿಲ್ ಮನ್ರೋ 1939ರಲ್ಲಿ ತಂಡ ಕಟ್ಟಿದಾಗ ಮುಂದೆ ಇದ್ದಿದ್ದು ಮ್ಯಾಂಡೊಲಿನ್, ಪಿಟೀಲು, ಆಮೇಲೆ ಬ್ಯಾಂಜೋ. ಡಾಕ್ ವಾಟ್ಸನ್ ಅಂತ ಒಬ್ಬರಿದ್ರು, ಮಗು ಆಗಿದ್ದಾಗಲೇ ಕಣ್ಣು ಹೋಗಿತ್ತು. 1950ರ ದಶಕದಲ್ಲಿ ಅವರು ನುಡಿಸ್ತಿದ್ದ ಡ್ಯಾನ್ಸ್ ಬ್ಯಾಂಡಲ್ಲಿ ಪಿಟೀಲಿನವರೇ ಇರಲಿಲ್ಲ. ಕುಣಿಯೋರಿಗೆ ಪಿಟೀಲಿನ ಮಟ್ಟೇ ಬೇಕು. ಇವರು ಅದನ್ನ ಎಲೆಕ್ಟ್ರಿಕ್ ಗಿಟಾರಲ್ಲಿ ನುಡಿಸೋದು ಕಲಿತ್ರು, ಆಮೇಲೆ ಮರದ ಗಿಟಾರಿಗೆ ತಂದ್ರು. ಪಿಟೀಲಲ್ಲಿ ಒಂದು ಕಮಾನಿಗೆ ನಾಲ್ಕು ಸ್ವರ ಎಳೀಬಹುದು. ಇಲ್ಲಿ ಹೆಚ್ಚುಕಮ್ಮಿ ಪ್ರತಿ ಸ್ವರಕ್ಕೂ ಬೇರೆ ಮೀಟು. ಕೆಳಗೆ, ಮೇಲೆ, ಕೆಳಗೆ, ಮೇಲೆ. ಕೆಳಗಿನ ಮೀಟು ತಾಳದ ಪೆಟ್ಟಿಗೇ ಬೀಳ್ಬೇಕು.

ದೊಡ್ಡಪ್ಪ: ಹೊಲಿಗೆ ಮಿಷನ್ ಅಂದಿದ್ದು ಅದಕ್ಕೇ.

ಚಿಕ್ಕಮ್ಮ: ಎಲೆ ಎಷ್ಟು ಅಂದೆ.

ಅಕ್ಕ: ದೊಡ್ಡಪ್ಪ, 2013ರಿಂದ 2024ರವರೆಗೆ ಈ ಬ್ಲೂಗ್ರಾಸ್‌ನವರ ದೊಡ್ಡ ವಾರ್ಷಿಕ ಸಮ್ಮೇಳನ ನಮ್ಮ ಪಕ್ಕದ ರಾಲೀಲೇ ಆಗ್ತಿತ್ತು, ನಾವೂ ಹೋಗ್ತಿದ್ವಿ. ವೇದಿಕೆಗಿಂತ ಹೋಟೆಲ್ ಪಡಸಾಲೆಯಲ್ಲಿ ಮಜಾ. ಗುರುತಿಲ್ಲದೋರು ಆರೇಳು ಜನ ಸುತ್ತ ನಿಂತ್ಕೋತಾರೆ, ಒಬ್ಬರು ಮಟ್ಟು ಎತ್ತುತಾರೆ, ತಮ್ಮ ಸುತ್ತು ಮುಗೀತಿದ್ದ ಹಾಗೆ ತಲೆಯಾಡಿಸಿ ಪಕ್ಕದವರಿಗೆ ದಾಟಿಸ್ತಾರೆ. ತಕ್ಷಣ ಉಳಿದೋರೆಲ್ಲ ಸದ್ದು ಇಳಿಸ್ತಾರೆ. ಇಳಿಸದೇ ಇರೋನನ್ನ ಎಲ್ಲರೂ ಒಂಥರಾ ನೋಡ್ತಾರೆ!

ಅಕ್ಕ: ಮತ್ತೆ ಝಾಕಿರ್ ಹುಸೇನ್ ಬೇಲಾ ಫ್ಲೆಕ್ ಅವರ ಬ್ಯಾಂಜೋ ಜೊತೆ ನುಡಿಸಿ 2024ರಲ್ಲಿ ಗ್ರ್ಯಾಮಿ ತಗೊಂಡ್ರಲ್ಲ. ಫ್ಲೆಕ್ ಕೂಡ ಈ ಬ್ಲೂಗ್ರಾಸ್ ಗರಡಿಯವರೇ.

ದೊಡ್ಡಪ್ಪ: ಝಾಕಿರ್ ಜೊತೆಗಿದ್ರೆ ಪ್ಲಾಸ್ಟಿಕ್ ಬಕೆಟ್ಟೂ ಚೆನ್ನಾಗಿ ಕೇಳುತ್ತೆ. ಆ ಲೆಕ್ಕ ಬೇಡ.

ದೊಡ್ಡಪ್ಪ: ಸರಿ, ಒಂದು ಹೇಳು. ಈ ಇಬ್ಬರಲ್ಲಿ ಪ್ರಧಾನ ಯಾರು, ಪಕ್ಕವಾದ್ಯ ಯಾರು?

ನಾನು: ಅದೇ ದೊಡ್ಡಪ್ಪ ವಿಷಯ! ಸುತ್ತಿಗೊಂದು ಸಲ ಬದಲಾಗ್ತಾರೆ. ಸಟನ್ 1973ರವರು, ಬಿಲ್ಲಿ 1992ರವನು. ಚಿಕ್ಕವನು ನುಡಿಸುವಾಗ ಹಿರಿಯರು ತಾಳ ಹಿಡೀತಾರೆ.

ದೊಡ್ಡಪ್ಪ: ಹಿರಿಯರು?

ನಾನು: ಹೂಂ. ಓಡೋ ಬೆರಳು ಬಿಟ್ಟು ಪಕ್ಕದವರ ಬಲಗೈ ನೋಡಿ. ದಪ್ಪ ತಂತಿ ಮೇಲೆ ಒಂದು ಪೆಟ್ಟು, ತೆಳ್ಳನೆಯ ತಂತಿಗಳ ಮೇಲೆ ಒಂದು ಸವರು. ಧಂ-ಚಕ್ಕ, ಧಂ-ಚಕ್ಕ. ಡ್ರಮ್ಸೂ ಅದೇ, ಬೇಸೂ ಅದೇ. ಎರಡೂ ಒಂದೇ ಜಾತಿ ಗಿಟಾರು, ಒಂದೇ ಎತ್ತರದ ಸ್ವರ. ಸ್ವಲ್ಪ ಯಾಮಾರಿದ್ರೂ ಒಂದರ ದನಿ ಇನ್ನೊಂದನ್ನ ನುಂಗಿಬಿಡುತ್ತೆ. ಅದಕ್ಕೇ ಇಬ್ಬರು ಗಿಟಾರಿನವರು ಕೂತ್ರೆ ಎಷ್ಟೋ ಸಲ ಒಬ್ಬರು ಕ್ಯಾಪೋ (ಗಿಟಾರಿನ ಕತ್ತಿಗೆ ಹಾಕಿ ತಂತಿ ಒತ್ತಿಹಿಡಿಯೋ ಕ್ಲಿಪ್ಪು) ಹಾಕಿ ಮೇಲಿನ ಜಾಗಕ್ಕೆ ಹೋಗ್ತಾರೆ, ಅದೇ ಶ್ರುತಿ, ಬೇರೆ ಹಿಡಿತ. ಬ್ಲೂಗ್ರಾಸ್ ಗಿಟಾರಿನ ದೊಡ್ಡ ಹೆಸರು ಟೋನಿ ರೈಸ್ 2020ರಲ್ಲಿ ತೀರಿಕೊಂಡಾಗಲೂ ಜನ ಅವರ ಸೋಲೋನ ನೆನೆದಷ್ಟೇ ತಾಳದ ಕೈನ ನೆನೆದ್ರು. ವೇಗ ಅಭ್ಯಾಸಕ್ಕೆ ಬರುತ್ತೆ. ಇದು ಬರಲ್ಲ.

ಅಮ್ಮ: ಭಾವನವ್ರೇ, ತನಿ, ಅದೇ ಮೃದಂಗದೋರು ಒಬ್ಬರೇ ನುಡಿಸೋ ಭಾಗ, ಶುರುವಾದ್ರೆ ಜನ ಬೋಂಡಾ ತಿನ್ನೋಕೆ ಎದ್ದು ಹೋಗ್ತಾರೆ ಅಂತ ನೀವೇ ಅಲ್ವಾ ಗೊಣಗ್ತಿದ್ದಿದ್ದು?

ಚಿಕ್ಕಪ್ಪ: ಅತ್ತಿಗೆ 🔥

ದೊಡ್ಡಪ್ಪ: ಬೋಂಡಾ ವಿಷಯ ಬೇರೆ.

ಅಮ್ಮ: ಇವಳ ಮದುವೆ ಕಛೇರೀಲಿ ಆ ಹಾಡೋರು ನಿಮಗೆ ನಾಲ್ಕು ನಿಮಿಷ ತನಿ ಬಿಟ್ಟು ಮಂಗಳ ಹಾಡಿಬಿಟ್ರು. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ ನೀವು.

ದೊಡ್ಡಪ್ಪ: ನಾಲ್ಕಲ್ಲ. ಮೂರೂವರೆ.

(ಇಲ್ಲಿಂದ ಮುಕ್ಕಾಲು ಗಂಟೆ ಯಾರೂ ಬರೆಯಲಿಲ್ಲ. ಚಿಕ್ಕಮ್ಮನ ಎಲೆಯ ಪ್ರಶ್ನೆಗೆ ಅಕ್ಕ ಒಂದು ಹೆಬ್ಬೆರಳು ಒತ್ತಿದ್ದು ಬಿಟ್ರೆ.)

ದೊಡ್ಡಪ್ಪ: ವೇಗ ಅರ್ಧಕ್ಕೆ ಇಳಿಸಿ ಕೇಳಿದೆ. ಸೆಟ್ಟಿಂಗ್ ನಿಮ್ಮ ದೊಡ್ಡಮ್ಮ ಮಾಡಿಕೊಟ್ಟಳು.

ದೊಡ್ಡಪ್ಪ: ಮುಂದಿನವನು ಮೇಲಿನ ಸ್ಥಾಯಿಗೆ ಹೋದ್ರೆ ಪಕ್ಕದೋನು ಕೆಳಗೇ ಉಳೀತಾನೆ. ಅಡ್ಡ ಬರಲ್ಲ. ಇವನು ಎಲ್ಲಿ ಉಸಿರು ತಗೋತಾನೋ ಅಲ್ಲಿ ಮಾತ್ರ ಎರಡು ಸ್ವರ ತುಂಬ್ತಾನೆ. ಇದನ್ನ ಪಾಠ ಹೇಳಿ ಕಲಿಸೋಕಾಗಲ್ಲ.

ನಾನು: 🙏

ದೊಡ್ಡಪ್ಪ: ಕೈ ಮುಗೀಬೇಡ, ಇನ್ನೂ ಮುಗಿದಿಲ್ಲ. ಗಮಕ ಇಲ್ಲ ಅಂದ್ರೆ ಇಲ್ಲ. ತಂತಿ ಒಂಚೂರು ಜಗ್ಗಿ ಬಿಡ್ತಾರೆ, ಅದು ಗಮಕ ಅಲ್ಲ, ಕಜ್ಜಿ ತುರಿಸಿಕೊಂಡ ಹಾಗೆ.

ಅಕ್ಕ: ದೊಡ್ಡಪ್ಪಾ!!

ಚಿಕ್ಕಪ್ಪ: ಅಣ್ಣ, ಸೋತೆ ಅಂತ ಹೇಳಿಬಿಡು.

ದೊಡ್ಡಪ್ಪ: ನೀನು ಮೊದಲು ಆದಿತಾಳ ಸರಿಯಾಗಿ ಹಾಕು, ಆಮೇಲೆ ಮಾತಾಡು. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರೀಲಿ ನಿನ್ನ ಪಕ್ಕ ಕೂತು ನನ್ನ ಲೆಕ್ಕವೇ ತಪ್ಪಿಹೋಗ್ತಿತ್ತು.

ನಾನು: ದೊಡ್ಡಪ್ಪ, ಪೂರ್ತಿ ಆಲ್ಬಂ ಇದೆ, 2025ರಲ್ಲಿ ಬಂತು. ಕಳಿಸ್ಲಾ?

ದೊಡ್ಡಪ್ಪ: (ಧ್ವನಿ ಸಂದೇಶ, 0:48)

(ಹಿಂದೆ ಆ ವಿಡಿಯೊ ಅರ್ಧ ವೇಗದಲ್ಲಿ ಓಡ್ತಿದೆ. ಅದರ ಮೇಲೆ ಸ್ಟೀಲ್ ತಟ್ಟೆಯ ಸದ್ದು: ತಕಧಿಮಿ, ತಕಧಿಮಿ. ಮೊದಲ ಹದಿನೈದು ಸೆಕೆಂಡು ಒರಟು, ಆಮೇಲೆ ಇದ್ದಕ್ಕಿದ್ದ ಹಾಗೆ ಮೆತ್ತಗೆ, ಗಿಟಾರ್ ಎಳೆ ಬಿಟ್ಟಲ್ಲಿ ಮಾತ್ರ ಒಂದು ಬೆರಳು. ಕೊನೆಗೆ ದೊಡ್ಡಮ್ಮ: "ಮುಚ್ಚಳ ಕೊಡಿ ಇಲ್ಲಿ, ಸಾರು ಉಕ್ತಿದೆ.")

ಚಿಕ್ಕಮ್ಮ: ಮೂವತ್ತು ಎಲೆ ಅಂತ ಹೇಳಿಬಿಟ್ಟಿದೀನಿ. ಕಮ್ಮಿ ಬಿದ್ರೆ ನನ್ನನ್ನ ಕೇಳ್ಬೇಡಿ.