ತುಂಗನಾಥದ ಹಾದಿಯಲ್ಲಿ ಕಂಡ ಗಿಡ್ಡಬಾಲದ ಪ್ರಾಣಿ: ಇಲಿಯೇ, ಪೈಕಾವೇ, ವೋಲ್ ಇರಬಹುದೇ?

ಪ್ರಶ್ನೆ (ಮಲೆಹಾದಿ)

ಕಳೆದ ಅಕ್ಟೋಬರಿನಲ್ಲಿ ಉತ್ತರಾಖಂಡದ ಚೋಪ್ತಾದಿಂದ ತುಂಗನಾಥಕ್ಕೆ ಹತ್ತುವಾಗ, ದೇವಸ್ಥಾನಕ್ಕೆ ಸ್ವಲ್ಪ ಕೆಳಗೆ, ಹಾದಿಬದಿಯ ಕಲ್ಲುಕಟ್ಟೆಯ ಸಂದಿನಿಂದ ಸಣ್ಣ ಪ್ರಾಣಿಯೊಂದು ಹೊರಬಂದಿತು. ಅದು ಹುಲ್ಲಿನ ಗರಿಯನ್ನು ಬುಡದಲ್ಲಿ ಕಚ್ಚಿ ತುಂಡರಿಸಿ, ಮುಂಗಾಲುಗಳ ನಡುವೆ ಹಿಡಿದುಕೊಂಡು ತುದಿಯವರೆಗೂ ತಿಂದು, ಮತ್ತೆ ಅದೇ ಸಂದಿನೊಳಗೆ ನುಸುಳಿತು. ಮೈ ಕೆಂಚು ಛಾಯೆಯ ಕಂದು, ಹೊಟ್ಟೆ ಬೂದುಬಿಳುಪು, ಮೂತಿ ಮೊಂಡು, ಬಾಲ ಬಹಳ ಗಿಡ್ಡ. ಜೊತೆಗಿದ್ದವರಲ್ಲಿ ಒಬ್ಬರು ಇಲಿಯೆಂದರು, ಇನ್ನೊಬ್ಬರು ಪೈಕಾ ಎಂದರು. ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ (ಹಿಮಗಿರಿ)

ತಾವು ಬಾಲವನ್ನು ಗಮನಿಸಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಪೈಕಾಕ್ಕೆ ಹೊರಗೆ ಕಾಣುವಂಥ ಬಾಲವೇ ಇಲ್ಲ. ಪೈಕಾ ಮೊಲದ ಬಳಗಕ್ಕೆ ಸೇರಿದ ಪ್ರಾಣಿ. ಅದರ ಕಿವಿಗಳು ದೊಡ್ಡವು, ದುಂಡಗಿನವು, ದೂರದಿಂದಲೇ ಎದ್ದು ಕಾಣುತ್ತವೆ. ಮೇಲ್ದವಡೆಯ ಮುಂಬಾಚಿ ಹಲ್ಲುಗಳ ಹಿಂದೆ ಇನ್ನೊಂದು ಜೊತೆ ಚಿಕ್ಕ ಹಲ್ಲುಗಳಿರುವುದೂ ಮೊಲದ ಬಳಗದ ಗುರುತು. ವೋಲ್ ಆದರೋ ಇಲಿ, ಅಳಿಲುಗಳಂತೆ ದಂಶಕ, ಅಂದರೆ ಬಾಚಿಹಲ್ಲುಗಳಿಂದ ಕಡಿದು ತಿನ್ನುವ ಪ್ರಾಣಿ. ಅದರ ದೇಹ ಸುಮಾರು ಹತ್ತು ಸೆಂಟಿಮೀಟರ್ ಇದ್ದು, ಬಾಲ ಅದರ ಅರ್ಧಕ್ಕಿಂತಲೂ ಕಡಿಮೆ ಇರುತ್ತದೆ. ನಮ್ಮ ಮನೆಯ ಇಲಿಗಳ ಬಾಲ ಸಾಮಾನ್ಯವಾಗಿ ಮೈಯಷ್ಟೇ ಅಥವಾ ಅದಕ್ಕಿಂತ ಉದ್ದವಿರುವುದರಿಂದ ಆ ಸಂದೇಹವನ್ನೂ ಬಿಡಬಹುದು. ತಾವು ಕಂಡ ಸ್ಥಳ, ಸುಮಾರು 3,600 ಮೀಟರ್ ಎತ್ತರ ಮತ್ತು ಬಣ್ಣವನ್ನು ಒಟ್ಟಿಗೆ ನೋಡಿದರೆ ಅದು ರಾಯ್ಲ್‌ನ ಪರ್ವತ ವೋಲ್, ವೈಜ್ಞಾನಿಕ ಹೆಸರಿನಲ್ಲಿ ಆಲ್ಟಿಕೋಲಾ ರಾಯ್ಲಿ, ಇರಬೇಕೆಂಬುದು ನನ್ನ ಅಭಿಪ್ರಾಯ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಕಾನ್ಪುರದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯರಾಗಿದ್ದು, 1823ರಿಂದ ಸಹಾರನ್‌ಪುರದ ಸಸ್ಯೋದ್ಯಾನವನ್ನು ನೋಡಿಕೊಂಡ ಜಾನ್ ಫೋರ್ಬ್ಸ್ ರಾಯ್ಲ್ ಅವರ ಹೆಸರನ್ನು 1839ರಲ್ಲಿ ಪೈಕಾ ಒಂದಕ್ಕೂ, 1842ರಲ್ಲಿ ಈ ವೋಲ್‌ಗೂ ಇಟ್ಟರು. ಎರಡೂ ಒಂದೇ ಕಲ್ಲುರಾಶಿಯಲ್ಲಿ ವಾಸಿಸಬಲ್ಲವು. ಹೀಗಾಗಿ ಅಂತರ್ಜಾಲದಲ್ಲಿ ಒಂದರ ಚಿತ್ರಕ್ಕೆ ಇನ್ನೊಂದರ ಹೆಸರು ಅಂಟಿಕೊಳ್ಳುವುದು ಸಹಜ.

ಉತ್ತರ (ಕಣಿವೆಯ ಗಾಳಿ)

ಹಿಮಗಿರಿಯವರ ಮಾತಿಗೆ ನನ್ನ ಸಹಮತವಿದೆ. ಹುಲ್ಲನ್ನು ತಿಂದ ರೀತಿಯೂ ಅದಕ್ಕೆ ಹೊಂದುತ್ತದೆ. ಹುಲ್ಲಿನಲ್ಲಿರುವ ಸಿಲಿಕಾ ಹಲ್ಲನ್ನು ಸವೆಸುತ್ತದೆ. ಆಲ್ಟಿಕೋಲಾ ಕುಲದ ವೋಲ್‌ಗಳ ದವಡೆಹಲ್ಲುಗಳಿಗೆ ಬೇರು ಕಟ್ಟುವುದಿಲ್ಲವಾದ್ದರಿಂದ ಅವು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಹಲ್ಲಿನ ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಎನಾಮೆಲ್ಲಿನ ತ್ರಿಕೋನಗಳು ಸಾಲಾಗಿ ಮಡಚಿಕೊಂಡಿರುವುದು ಕಾಣುತ್ತದೆ, ಮತ್ತು ಪ್ರಭೇದಗಳನ್ನು ಬೇರ್ಪಡಿಸಲು ತಜ್ಞರು ಆ ಮಡಿಕೆಗಳನ್ನೇ ಎಣಿಸುತ್ತಾರೆ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಅದರ ಚಳಿಗಾಲ. ದೀಪಾವಳಿಯ ನಂತರ ತುಂಗನಾಥನ ಉತ್ಸವಮೂರ್ತಿಯನ್ನು ಕೆಳಗಿನ ಮಕ್ಕುಮಠಕ್ಕೆ ಒಯ್ದು, ಅಂಗಡಿಯವರೆಲ್ಲ ಇಳಿದುಹೋದ ಮೇಲೂ ವೋಲ್ ಅಲ್ಲಿಯೇ ಉಳಿಯುತ್ತದೆ. ವೋಲ್‌ಗಳು ಶಿಶಿರನಿದ್ರೆ ಮಾಡುವುದಿಲ್ಲ. ದಪ್ಪನೆಯ ಹಿಮದ ಪದರದಲ್ಲಿ ಗಾಳಿ ಸೇರಿಕೊಂಡಿರುವುದರಿಂದ ಅದು ಕಂಬಳಿಯಂತೆ ನೆಲದ ಬಿಸಿಯನ್ನು ಹಿಡಿದಿಡುತ್ತದೆ, ಹೊರಗೆ ಶೂನ್ಯಕ್ಕಿಂತ ಹದಿನೈದು ಡಿಗ್ರಿ ಕೆಳಗಿದ್ದರೂ ನೆಲಕ್ಕೆ ತಾಗಿದ ಭಾಗದಲ್ಲಿ ಉಷ್ಣತೆ ಶೂನ್ಯದ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಿಮದ ಕೆಳಗೆ ಬದುಕುವ ಇಂಥ ಸಣ್ಣ ಪ್ರಾಣಿಗಳಿಗೆ ಹಿಮ ಬೀಳುವುದು ಕಷ್ಟವಲ್ಲ, ಹಿಮವಿಲ್ಲದೆ ಬರಿಯ ಕೊರೆಯುವ ಚಳಿ ಬರುವುದೇ ಕಷ್ಟ. ಚಳಿಗಾಲದ ಹಿಮ ತೆಳುವಾದರೆ ಮೊದಲು ಪೆಟ್ಟು ತಿನ್ನುವವು ಇವೇ ಎಂಬುದನ್ನು ಬೆಚ್ಚಗಾಗುತ್ತಿರುವ ಹಿಮಾಲಯದ ಬಗ್ಗೆ ಮಾತನಾಡುವಾಗ ನಾವು ಮರೆಯಬಾರದು.

ಉತ್ತರ (ಕಾಡುಕಣ್ಣು)

ಒಂದು ಎಚ್ಚರಿಕೆಯ ಮಾತನ್ನು ಸೇರಿಸುತ್ತೇನೆ. ಇದೇ ಕುಲದ ಬೇರೆ ಪ್ರಭೇದಗಳೂ ಹಿಮಾಲಯದಲ್ಲಿವೆ. ಉದಾಹರಣೆಗೆ, 1874ರಲ್ಲಿ ಮಧ್ಯ ಏಷ್ಯಾದ ಯಾರ್ಕಂದ್‌ನಿಂದ ಹಿಂತಿರುಗುತ್ತ ಲಡಾಖಿನ ಮುರ್ಗೋದಲ್ಲಿ ತೀರಿಕೊಂಡ ಭೂವಿಜ್ಞಾನಿ ಸ್ಟೋಲಿಚ್ಕಾ ಅವರ ಹೆಸರಿನ ವೋಲ್ ಲಡಾಖಿನಂಥ ಒಣ ಎತ್ತರಗಳಲ್ಲಿದೆ. ಆದರೆ ಗಢವಾಲದ ಒದ್ದೆ ಹುಲ್ಲುಗಾವಲುಗಳಲ್ಲಿ, ಅಲ್ಲಿನವರು ಬುಗ್ಯಾಲ್ ಎನ್ನುವ ಜಾಗಗಳಲ್ಲಿ, ರಾಯ್ಲ್‌ನ ವೋಲ್ ಇರುವ ಸಾಧ್ಯತೆಯೇ ಹೆಚ್ಚು. ಅದು ಭಾರತದ ಪಶ್ಚಿಮ ಹಿಮಾಲಯದಲ್ಲಿ ಮಾತ್ರ, ಮುಖ್ಯವಾಗಿ ಹಿಮಾಚಲ ಮತ್ತು ಉತ್ತರಾಖಂಡಗಳಲ್ಲಿ ಕಾಣಸಿಗುತ್ತದೆ. ದಕ್ಷಿಣ ಭಾರತದಲ್ಲಿ ಯಾವ ವೋಲ್ ಕೂಡ ಇಲ್ಲದಿರುವುದರಿಂದ ನಮ್ಮವರು ಅದನ್ನು ಇಲಿಯೆಂದುಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಇಷ್ಟು ಚಿಕ್ಕ ನೆಲೆಗೆ ಸೀಮಿತವಾದ ಪ್ರಾಣಿಯನ್ನು, ಯಾತ್ರಿಕರ ಕಾಲಬುಡದಲ್ಲೇ ಓಡಾಡುತ್ತಿದ್ದರೂ, ಬಹಳ ಕಡಿಮೆ ಜನ ಅಧ್ಯಯನ ಮಾಡಿದ್ದಾರೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅದಕ್ಕೆ ಬಿಸ್ಕತ್ತು ಹಾಕಿ ಹೊರಗೆ ಕರೆಯುವುದನ್ನು ದಯವಿಟ್ಟು ಯಾರೂ ಮಾಡಬೇಡಿ. ಬಿದ್ದ ತಿಂಡಿಗೆ ನಾಯಿಗಳು ಬರುತ್ತವೆ, ಬಂದ ನಾಯಿಗಳು ವೋಲ್ ಮತ್ತು ಪೈಕಾಗಳನ್ನೂ ಹಿಡಿಯುತ್ತವೆ. ಮಲೆಹಾದಿಯವರೇ, ತಮ್ಮ ಬಳಿ ಚಿತ್ರವಿದ್ದರೆ, ಮಸುಕಾಗಿದ್ದರೂ ಪರವಾಗಿಲ್ಲ, ದಿನಾಂಕ, ಸ್ಥಳ ಮತ್ತು ಎತ್ತರದೊಂದಿಗೆ ಜೀವಿಗಳ ದಾಖಲೆ ಸಂಗ್ರಹಿಸುವ ಅಂತರ್ಜಾಲ ತಾಣವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಸೇರಿಸಿ. ಬಾಲ ಮತ್ತು ಕಿವಿ ಎರಡೂ ಕಾಣುವ ಚಿತ್ರವಾದರೆ ಗುರುತಿಸುವವರಿಗೆ ಹೆಚ್ಚು ಅನುಕೂಲವಾಗುತ್ತದೆ.