ಸಹಾಯ ಬೇಕು: ‘ಬ್ಯಾಂಡಿಟ್ಸ್’ ಚಿತ್ರದ ಸಬ್‌ಟೈಟಲ್ ಇರುವ ಡಿವಿಡಿ

ಬಳಗದ ಎಲ್ಲರಿಗೂ ನಮಸ್ಕಾರ. ಬ್ಯಾರಿ ಲೆವಿನ್‌ಸನ್ ನಿರ್ದೇಶಿಸಿ 2001ರಲ್ಲಿ ತೆರೆಕಂಡ ‘ಬ್ಯಾಂಡಿಟ್ಸ್’ ಚಿತ್ರದ, ಇಂಗ್ಲಿಷ್ ಸಬ್‌ಟೈಟಲ್ ಇರುವ ಡಿವಿಡಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ. ಆರೆಗಾನ್‌ನ ಸೆರೆಮನೆಯಿಂದ ಕಾಂಕ್ರೀಟ್ ಲಾರಿಯಲ್ಲಿ ಪರಾರಿಯಾದ ಇಬ್ಬರು, ದರೋಡೆಯ ಹಿಂದಿನ ರಾತ್ರಿಯೇ ಬ್ಯಾಂಕ್ ಮ್ಯಾನೇಜರರ ಮನೆಗೆ ನುಗ್ಗಿ, ನೆಂಟರಂತೆ ಅಲ್ಲಿಯೇ ತಂಗಿ, ಬೆಳಗ್ಗೆ ಅವರನ್ನೇ ಮುಂದಿಟ್ಟುಕೊಂಡು ಬ್ಯಾಂಕಿನ ಬಾಗಿಲು ತೆರೆಸುವ ಕಥೆಯದು. ಇಲ್ಲದ ಕಾಯಿಲೆಗಳಿಗೆಲ್ಲ ಹೆದರುವ ಬಿಲ್ಲಿ ಬಾಬ್ ಥಾರ್ನ್‌ಟನ್, ಹಿಂದುಮುಂದು ನೋಡದೆ ನುಗ್ಗುವ ಬ್ರೂಸ್ ವಿಲ್ಲಿಸ್, ಇಬ್ಬರನ್ನೂ ಪ್ರೀತಿಸಿಬಿಡುವ ಗೃಹಿಣಿಯಾಗಿ ಕೇಟ್ ಬ್ಲಾಂಚೆಟ್. ನನ್ನ ಮಟ್ಟಿಗಂತೂ ಇದರಲ್ಲಿ ದರೋಡೆ ಬರೀ ನೆಪ. ಥಾರ್ನ್‌ಟನ್ ಗೊಣಗುವ ಮಾತುಗಳು ಮನೆಯ ಹಿರಿಯರಿಗೆ ಅರ್ಥವಾಗುವುದು ಕಷ್ಟವಾದ್ದರಿಂದ ಸಬ್‌ಟೈಟಲ್ ಇರಲೇಬೇಕು. ಅಂಚೆ ವೆಚ್ಚ ನನ್ನದು; ನೋಡಿದ ಕೂಡಲೇ ಜೋಪಾನವಾಗಿ ಹಿಂದಿರುಗಿಸುತ್ತೇನೆ.